ಗಾರ್ಸಿಯಾಗಳ ಗುಂಪಿನಲ್ಲಿ ತಾಯಿಯ ಹೆಸರು

ಗ್ರಂಥಾಲಯದ ಪಟ್ಟಿಯಲ್ಲಿ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್‌ನ ಪುಸ್ತಕ ಹುಡುಕುವವರು ಸಾಮಾನ್ಯವಾಗಿ ‘ಎಂ’ ಅಕ್ಷರಕ್ಕೆ ಹೋಗುತ್ತಾರೆ. ಅಲ್ಲಿ ಸಿಗದಿದ್ದರೆ ತಪ್ಪು ಪಟ್ಟಿಯದಲ್ಲ. 1982ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕೊಲಂಬಿಯಾದ ಈ ಕಾದಂಬರಿಕಾರನನ್ನು ನಮ್ಮ ಓದುಗರೂ ವಿಮರ್ಶಕರೂ ‘ಮಾರ್ಕ್ವೆಜ್’ ಎಂದೇ ಕರೆಯುತ್ತ ಬಂದಿದ್ದಾರೆ. ಆದರೆ ಸ್ಪ್ಯಾನಿಷ್ ಸಂಪ್ರದಾಯದ ಪ್ರಕಾರ ಅವನ ಅಡ್ಡಹೆಸರು ‘ಗಾರ್ಸಿಯಾ ಮಾರ್ಕ್ವೆಜ್’ ಎಂಬ ಜೋಡಿ. ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ಉಳಿಯಬೇಕಾದದ್ದು ಗಾರ್ಸಿಯಾ. ಮಾರ್ಕ್ವೆಜ್ ಎಂಬುದು ಅವನ ತಾಯಿಯ ತವರಿನ ಹೆಸರು.

ಸ್ಪ್ಯಾನಿಷ್ ಮಾತಾಡುವ ನಾಡುಗಳಲ್ಲಿ ಮಗುವಿಗೆ ಎರಡು ಅಡ್ಡಹೆಸರು. ಮೊದಲಿನದು ತಂದೆಯಿಂದ, ಎರಡನೆಯದು ತಾಯಿಯಿಂದ ಬರುತ್ತದೆ. ಹೆಂಗಸರು ಮದುವೆಯಾದ ಮೇಲೂ ಹುಟ್ಟಿನ ಹೆಸರನ್ನೇ ಇಟ್ಟುಕೊಳ್ಳುತ್ತಾರೆ. ಕೇಳಲು ಉದಾರವಾದ ಪದ್ಧತಿ. ಆದರೆ ಮುಂದಿನ ತಲೆಮಾರಿಗೆ ದಾಟುವುದು ಮೊದಲನೆಯದು ಮಾತ್ರ. ತಾಯಿಯ ಹೆಸರಿನ ಆಯುಷ್ಯ ಒಂದೇ ತಲೆಮಾರು.

ತೊಂದರೆ ಆರಂಭವಾಗುವುದು ತಂದೆಯ ಹೆಸರು ತೀರಾ ಸಾಮಾನ್ಯವಾದಾಗ. ಸ್ಪೇನಿನ ಅತಿ ಸಾಮಾನ್ಯ ಅಡ್ಡಹೆಸರು ಗಾರ್ಸಿಯಾ. ಅದನ್ನು ಮೊದಲ ಹೆಸರಾಗಿ ಹೊತ್ತವರೇ ಅಲ್ಲಿ ಸುಮಾರು 14 ಲಕ್ಷ ಮಂದಿ. ಅಮೆರಿಕದ 2000ದ ಜನಗಣತಿಯಲ್ಲಿ ಅದು ಎಂಟನೆಯ ಸ್ಥಾನದಲ್ಲಿತ್ತು, 2010ರಲ್ಲಿ ಆರನೆಯದಕ್ಕೆ ಏರಿತು. ರೋಡ್ರಿಗೆಜ್ ಎಂದರೆ ರೋಡ್ರಿಗೋನ ಮಗ, ಫರ್ನಾಂಡೆಜ್ ಎಂದರೆ ಫರ್ನಾಂಡೋನ ಮಗ. (ನಮ್ಮ ಮಂಗಳೂರಿನ ರೋಡ್ರಿಗಸ್, ಫರ್ನಾಂಡಿಸ್‌ಗಳು ಇವುಗಳದೇ ಪೋರ್ಚುಗೀಸ್ ರೂಪಗಳು.) ಗಾರ್ಸಿಯಾ ಆ ಜಾತಿಯದಲ್ಲ. ಅದು ಒಂಬತ್ತನೆಯ ಶತಮಾನದಲ್ಲೇ ಪಾಂಪ್ಲೋನಾದ ಅರಸರಿಗಿದ್ದ ಹೆಸರು. ಬಾಸ್ಕ್ ಭಾಷೆಯ ‘ಕರಡಿ’ ಎಂಬ ಪದದೊಂದಿಗೆ ಅದನ್ನು ಜೋಡಿಸುವ ವಿದ್ವಾಂಸರಿದ್ದಾರೆ. ಅರಸರ ಹೆಸರು ಊರೆಲ್ಲರ ಹೆಸರಾದಾಗ ಗುರುತು ಹಿಡಿಯುವ ಕೆಲಸವನ್ನು ತಾಯಿಯ ಹೆಸರೇ ಮಾಡಬೇಕಾಗುತ್ತದೆ. ಪಾಬ್ಲೋ ರೂಯಿಜ್ ಎಂಬ ಚಿತ್ರಕಾರ ತಂದೆಯ ರೂಯಿಜ್ ಅನ್ನು ಬಿಟ್ಟು ತಾಯಿಯ ಹೆಸರನ್ನಷ್ಟೇ ಉಳಿಸಿಕೊಂಡು ಪಿಕಾಸೋ ಆದದ್ದೂ ಹೀಗೆಯೇ.

ಮಾರ್ಕ್ವೆಜ್‌ನ ಮನೆತನದ ಕಥೆ ಅವನ ಕಾದಂಬರಿಗಳಷ್ಟೇ ಸಿಕ್ಕುಸಿಕ್ಕಾದದ್ದು. ತಂದೆ ಗೇಬ್ರಿಯಲ್ ಎಲಿಜಿಯೋ ಗಾರ್ಸಿಯಾ ಅರಕಟಾಕ ಎಂಬ ಊರಿಗೆ ತಂತಿ ಕಚೇರಿಯ ನೌಕರನಾಗಿ ಬಂದವನು. ಅಲ್ಲಿನ ಗಣ್ಯ ವ್ಯಕ್ತಿ, ಸಾವಿರ ದಿನಗಳ ಯುದ್ಧದಲ್ಲಿ ಕಾದಾಡಿದ್ದ ಕರ್ನಲ್ ನಿಕೊಲಾಸ್ ಮಾರ್ಕ್ವೆಜ್‌ನ ಮಗಳು ಲೂಯಿಸಾಳನ್ನು ಪ್ರೀತಿಸಿದ. ಕರ್ನಲ್ ಒಪ್ಪಲಿಲ್ಲ. ಹುಡುಗ ವಿರೋಧ ಪಕ್ಷದವನು. ಅದಕ್ಕಿಂತ ಹೆಚ್ಚಾಗಿ, ಮದುವೆಯಿಲ್ಲದ ತಾಯಿಗೆ ಹುಟ್ಟಿದವನು. ಆ ತಾಯಿ ಆರ್ಹೆಮಿರಾ ಗಾರ್ಸಿಯಾ. ಮಗ ಹುಟ್ಟಿದಾಗ ಆಕೆಗೆ ಹದಿನಾಲ್ಕು ವರ್ಷ. ಮಗನ ತಂದೆ ಮಾರ್ಟಿನೆಜ್ ಎಂಬುವನು. ಕರ್ನಲ್‌ಗೂ ಮನೆಯಾಚೆ ಮಕ್ಕಳಿದ್ದರೆಂಬುದು ಬೇರೆ ಮಾತು! ಈ ಪ್ರೇಮದ ಪಾಡೇ ಮುಂದೆ ‘ಕಾಲರಾ ಕಾಲದ ಪ್ರೇಮ’ ಕಾದಂಬರಿಗೆ ಸಾಮಗ್ರಿಯಾಯಿತು.

ಹೀಗೆ ಲೆಕ್ಕ ಹಾಕಿದರೆ ಕಾದಂಬರಿಕಾರ ‘ಮಾರ್ಟಿನೆಜ್ ಮಾರ್ಕ್ವೆಜ್’ ಆಗಬೇಕಿತ್ತು. ಅವನ ಎರಡು ಅಡ್ಡಹೆಸರುಗಳಲ್ಲಿ ಒಂದು ತಾಯಿಯದು, ‘ತಂದೆಯದು’ ಎನ್ನಿಸಿಕೊಂಡ ಇನ್ನೊಂದು ಅಜ್ಜಿಯದು. ಬಾಲ್ಯದಲ್ಲಿ ಅವನನ್ನು ಸಾಕಿದವನೂ ಕಥೆ ಹೇಳಿ ಬೆಳೆಸಿದವನೂ ಆ ಕರ್ನಲ್ ಅಜ್ಜನೇ. ಆದ್ದರಿಂದ ನಾವು ‘ಮಾರ್ಕ್ವೆಜ್’ ಎನ್ನುವುದು ವ್ಯಾಕರಣದಲ್ಲಿ ತಪ್ಪಾದರೂ ಋಣದ ಲೆಕ್ಕದಲ್ಲಿ ತೀರಾ ತಪ್ಪಲ್ಲ. ಅವನ ಮಗ, ಚಿತ್ರ ನಿರ್ದೇಶಕ ರೋಡ್ರಿಗೋ, ಬರಿಯ ಗಾರ್ಸಿಯಾ. ಮಾರ್ಕ್ವೆಜ್ ಎಂಬುದು ಅಲ್ಲಿಗೆ ನಿಂತಿತು.

ಸ್ಪೇನಿನ ಗಡಿ ದಾಟಿದ ಗಾರ್ಸಿಯಾ ಹೆಣ್ಣುಮಕ್ಕಳ ಪಾಡು ಇನ್ನೊಂದು ಬಗೆ. 1816ರಲ್ಲಿ ರೋಸಿನಿಯ ‘ಸೆವಿಲ್ಲಾದ ಕ್ಷೌರಿಕ’ ಒಪೆರಾ ಮೊದಲು ರಂಗಕ್ಕೆ ಬಂದಾಗ ನಾಯಕನ ಪಾತ್ರ ಹಾಡಿದವನು ಮ್ಯಾನ್ಯುಯೆಲ್ ಗಾರ್ಸಿಯಾ. 1825ರಲ್ಲಿ ಅವನು ಸಂಸಾರ ಸಮೇತ ನ್ಯೂಯಾರ್ಕಿಗೆ ಹೋಗಿ ಇಟಾಲಿಯನ್ ಒಪೆರಾ ಆಡಿಸಿದ. ಹಿರಿಯ ಮಗಳು ಮರಿಯಾ ಅಲ್ಲಿ ಮಾಲಿಬ್ರಾನ್ ಎಂಬ ವ್ಯಾಪಾರಿಯನ್ನು ಮದುವೆಯಾಗಿ ಬೇಗನೆ ಬೇರೆಯಾದಳು. ಗಂಡ ಹೋದರೂ ಅವನ ಹೆಸರು ಬಿಡಲಿಲ್ಲ. 1836ರಲ್ಲಿ ಇಪ್ಪತ್ತೆಂಟನೆಯ ವಯಸ್ಸಿಗೆ ತೀರಿಕೊಂಡ ಆ ಅದ್ಭುತ ಗಾಯಕಿಯನ್ನು ಚರಿತ್ರೆ ‘ಮಾಲಿಬ್ರಾನ್’ ಎಂದೇ ನೆನೆಯುತ್ತದೆ. ತುರ್ಗೇನೆವ್ ಜೀವನವಿಡೀ ಆರಾಧಿಸಿದ ಕಿರಿಯ ಮಗಳು ಪೌಲೀನ್ ಕೂಡ ಗಂಡನ ಹೆಸರಿನಿಂದ ‘ವಿಯಾರ್ಡೋ’. ಗಾರ್ಸಿಯಾ ಆಗಿ ಉಳಿದವನು ಮಗನೊಬ್ಬನೇ. 1854ರಲ್ಲಿ ಪುಟ್ಟ ಕನ್ನಡಿಯಿಟ್ಟು ತನ್ನ ಗಂಟಲಿನ ಧ್ವನಿತಂತುಗಳನ್ನೇ ನೋಡಿದ ಈತ ನೂರೊಂದು ವರ್ಷ ಬದುಕಿದ.

ಫಿಲಿಪೀನ್ಸಿನಲ್ಲಿ ಸ್ಪೇನಿನ ಆಳ್ವಿಕೆ ಅಡ್ಡಹೆಸರುಗಳನ್ನು ಬಿಟ್ಟುಹೋಯಿತು, ಆಮೇಲೆ ಬಂದ ಅಮೆರಿಕನ್ನರು ಕ್ರಮವನ್ನು ಬದಲಿಸಿದರು. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಬಂದ ಪ್ರಶಸ್ತಿ ಯಾರ ಹೆಸರಿನದೋ ಆ ಅಧ್ಯಕ್ಷ ಮ್ಯಾಗ್ಸೇಸೆ 1957ರ ಮಾರ್ಚ್‌ನಲ್ಲಿ ವಿಮಾನ ಅಪಘಾತದಲ್ಲಿ ಸತ್ತಾಗ ಅಧಿಕಾರಕ್ಕೆ ಬಂದವರು ಕಾರ್ಲೋಸ್ ಪಿ. ಗಾರ್ಸಿಯಾ. ಆ ‘ಪಿ’ ತಾಯಿಯ ಹೆಸರಾದ ಪೊಲೆಸ್ಟಿಕೋ. ಅಲ್ಲಿ ತಾಯಿ ಒಂದಕ್ಷರಕ್ಕೆ ಇಳಿದಳು.

ಸ್ಪೇನಿನಲ್ಲಿ ಮಾತ್ರ ಕಾನೂನು ನಿಧಾನವಾಗಿ ಬದಲಾಗಿದೆ. ತಂದೆತಾಯಿ ಒಪ್ಪಿದರೆ ತಾಯಿಯ ಹೆಸರನ್ನು ಮುಂದಿಡಬಹುದೆಂದು 1999ರಲ್ಲಿ ಅವಕಾಶವಾಯಿತು. 2017ರ ಜೂನ್ 30ರಿಂದ ತಂದೆಯ ಹೆಸರಿಗಿದ್ದ ತಾನಾಗಿಯೇ ಬರುವ ಮುನ್ನಡೆಯೂ ಹೋಯಿತು.

ತಾಯಿಯ ಹೆಸರಿನಿಂದ ಜಗತ್ತಿಗೆ ಪರಿಚಿತನಾದ ಇನ್ನೊಬ್ಬ ಗಾರ್ಸಿಯಾ ಎಂದರೆ ಕವಿ, ನಾಟಕಕಾರ ಫೆಡರಿಕೋ ಗಾರ್ಸಿಯಾ ಲೋರ್ಕಾ. ತಂದೆ ಫೆಡರಿಕೋ ಗಾರ್ಸಿಯಾ ರೋಡ್ರಿಗೆಜ್ ಗ್ರಾನಡಾ ಬಯಲಿನ ಅನುಕೂಲಸ್ಥ ಜಮೀನುದಾರ. ತಾಯಿ ವಿಸೆಂಟಾ ಲೋರ್ಕಾ ಶಾಲೆಯ ಉಪಾಧ್ಯಾಯಿನಿಯಾಗಿದ್ದವಳು. 1936ರ ಆಗಸ್ಟ್ 16ರಂದು ಬೆಳಿಗ್ಗೆ ಅವನ ತಂಗಿಯ ಗಂಡ, ಗ್ರಾನಡಾದ ಮೇಯರ್, ಫ್ರಾಂಕೋ ಪಕ್ಷದವರ ಗುಂಡಿಗೆ ಬಲಿಯಾದ. ಅದೇ ದಿನ ಮಧ್ಯಾಹ್ನ ಲೋರ್ಕಾನ ಬಂಧನವಾಯಿತು. ಕೆಲವೇ ದಿನಗಳಲ್ಲಿ ಊರಾಚೆ, ವಿಸ್ನಾರ್ ಮತ್ತು ಅಲ್ಫಕಾರ್ ಹಳ್ಳಿಗಳ ನಡುವೆ, ಒಬ್ಬ ಶಾಲಾ ಮಾಸ್ತರ ಮತ್ತು ಗೂಳಿಕಾಳಗದ ಇಬ್ಬರು ಆಳುಗಳ ಜೊತೆ ಅವನನ್ನೂ ಕೊಂದರು. 1940ರಲ್ಲಿ ಸರ್ಕಾರದ ದಾಖಲೆ ಅವನ ಸಾವಿಗೆ ಕೊಟ್ಟ ಕಾರಣ ಯುದ್ಧದಲ್ಲಾದ ಗಾಯ. ಕೊಂದವರು ಯಾರೆಂಬ ಮಾತು ಅದರಲ್ಲಿಲ್ಲ. 2009ರಲ್ಲಿ ಅಲ್ಫಕಾರ್‌ನಲ್ಲಿ ಗುರುತಿಸಿದ್ದ ಜಾಗವನ್ನು ಅಗೆದರು. ಒಂದು ಮೂಳೆಯೂ ಸಿಗಲಿಲ್ಲ.