ಗ್ಯಾಸ್ ಬಿಡೋಣ ಅಂದ್ರ ಮೀಟರ್ ಏನಂತದ?

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕರ್ನಾಟಕದ ಬಾಗಿಲು ಎಂದರೆ ನಿಪ್ಪಾಣಿ ತಾಲೂಕಿನ ಕೊಗನೊಳ್ಳಿ. ಟೋಲ್ ನಾಕಾ ಬಿಟ್ಟು ಉತ್ತರಕ್ಕೆ ಹೊರಟರೆ ಬರುವುದೇ ಕಾಗಲ್. ಅಲ್ಲಿ ಕಂಬವೂ ಬೇರೆ, ತಂತಿಯೂ ಬೇರೆ. ಈಚೆ ಹೆಸ್ಕಾಂ, ಆಚೆ ಮಹಾವಿತರಣ. ಬೀಗರು-ಬಿಜ್ಜರು ಮಾತ್ರ ಎರಡೂ ಕಡೆ. ಮದುವೆ ಮನೆಯಲ್ಲಿ ಕೂಡಿದಾಗ ಮೊದಲು ಕಬ್ಬಿನ ಬಿಲ್ಲಿನ ಮಾತು, ಆಮೇಲೆ ಕರೆಂಟ್ ಬಿಲ್ಲಿನದು. “ನಿಮಗೇನ್ರೀ, ಫುಕಟ್ ಕರೆಂಟು. ಗ್ಯಾಸ್ ಯಾಕ ಬೇಕು?” ಎಂದು ಆಚೆಯವರು ಛೇಡಿಸುವುದುಂಟು.

ಮೇಲ್ನೋಟಕ್ಕೆ ಹೌದೆನ್ನಿಸುವ ಮಾತೇ. ಗೃಹಜ್ಯೋತಿ ಯೋಜನೆ ಜಾರಿಗೆ ಬಂದದ್ದು 2023ರಲ್ಲಿ. ತಿಂಗಳಿಗೆ 200 ಯುನಿಟ್‌ವರೆಗೆ ಬಿಲ್ಲಿಲ್ಲ ಎಂಬುದು ಜನರ ಬಾಯಲ್ಲಿ ನಿಂತ ಮಾತು. ಅದೇ ವರ್ಷ ನವೆಂಬರ್‌ನಲ್ಲಿ ಕೇಂದ್ರ ಸರಕಾರದ ಇ.ಇ.ಎಸ್.ಎಲ್. ಸಂಸ್ಥೆ ದೇಶದಲ್ಲಿ 20 ಲಕ್ಷ ಇಂಡಕ್ಷನ್ ಒಲೆ ಹಂಚುವ ಕಾರ್ಯಕ್ರಮ ಸಾರಿತು. ಕಾರಣ ಸರಳ. ನಮ್ಮ ದೇಶ ಸುಡುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊರಗಿನದು. ಅದರಲ್ಲೂ ಬಹುಪಾಲು ಅರಬ್ಬರ ಕೊಲ್ಲಿಯಿಂದ ಹಡಗಿನಲ್ಲಿ ಬರಬೇಕು. ಅಲ್ಲಿ ಗುಂಡು ಹಾರಿದರೆ ಇಲ್ಲಿ ಒಗ್ಗರಣೆ ತುಟ್ಟಿ.

ಹಾಗಿದ್ದರೆ ಸಿಲಿಂಡರ್ ಮೂಲೆಗಿಟ್ಟು ಬಟನ್ ಒತ್ತುವುದೇ ಸರಿಯೆ? ಸ್ವಲ್ಪ ತಡೆಯಿರಿ, ಲೆಕ್ಕ ಹಾಕೋಣ.

14.2 ಕಿಲೋ ಸಿಲಿಂಡರ್‌ನಲ್ಲಿರುವ ಶಾಖವನ್ನು ಕರೆಂಟಿನ ಅಳತೆಗೆ ಇಳಿಸಿದರೆ ಸುಮಾರು 180 ಯುನಿಟ್. ಆದರೆ ಗ್ಯಾಸ್ ಒಲೆಯಲ್ಲಿ ಹತ್ತಕ್ಕೆ ಆರು ಪಾಲು ಮಾತ್ರ ಪಾತ್ರೆಗೆ ತಲುಪುತ್ತದೆ, ಉಳಿದದ್ದು ಅಡುಗೆಮನೆಯನ್ನೂ ಅಡುಗೆಯವರನ್ನೂ ಕಾಯಿಸುತ್ತದೆ. ಇಂಡಕ್ಷನ್ ಒಲೆ ಪಾತ್ರೆಯ ತಳವನ್ನೇ ಕಾಯಿಸುವುದರಿಂದ ಹತ್ತಕ್ಕೆ ಎಂಟೂವರೆ ಪಾಲು ಕೆಲಸಕ್ಕೆ ಬರುತ್ತದೆ. ಹೀಗಾಗಿ ಒಂದು ಸಿಲಿಂಡರ್ ಮಾಡುವ ಅಡುಗೆಗೆ 125ರಿಂದ 130 ಯುನಿಟ್ ಸಾಕು. ಸಿಲಿಂಡರ್ ಒಂದೂವರೆ ತಿಂಗಳು ಬರುವ ಮನೆಯಾದರೆ ತಿಂಗಳಿಗೆ 85 ಯುನಿಟ್ ಹಿಡಿಯಿರಿ.

2025ರಲ್ಲಿ ಸಿಲಿಂಡರ್ ದರ 850 ರೂಪಾಯಿ ದಾಟಿತ್ತು. 2025-26ರ ದರಪಟ್ಟಿಯಂತೆ ಮನೆ ಕರೆಂಟು ಯುನಿಟ್‌ಗೆ 5 ರೂ. 80 ಪೈಸೆ; ತೆರಿಗೆ, ಸರ್‌ಚಾರ್ಜು ಸೇರಿಸಿದರೆ ಆರೂವರೆಯ ಮೇಲೆ. 130 ಯುನಿಟ್‌ಗೆ ಎಷ್ಟಾಯಿತು? ಹೆಚ್ಚುಕಡಿಮೆ ಒಂದು ಸಿಲಿಂಡರಿನಷ್ಟೇ. ಅಂದರೆ ಪೂರ್ತಿ ದುಡ್ಡು ಕೊಟ್ಟು ಸುಡುವವರಿಗೆ ತಕ್ಕಡಿ ಎರಡೂ ಕಡೆ ಸಮ.

ಗೃಹಜ್ಯೋತಿಯ ಗಂಟು ಬಿಚ್ಚುವುದು ಇಲ್ಲಿಯೇ. ಎಲ್ಲರಿಗೂ 200 ಯುನಿಟ್ ಪುಕ್ಕಟೆ ಅಲ್ಲ. 2022-23ರಲ್ಲಿ ಆ ಮನೆ ಸುಟ್ಟ ತಿಂಗಳ ಸರಾಸರಿ, ಅದರ ಮೇಲೆ ಒಂದಿಷ್ಟು, ಇಷ್ಟೇ ಅವರ ಪಾಲು. ಪಾಲು ಮೀರಿ 200ರ ಒಳಗಿದ್ದರೆ ಮೀರಿದ್ದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ಲು.

ದೀಪ, ಫ್ಯಾನು, ಟಿ.ವಿ. ಅಷ್ಟೇ ಇರುವ, ಸರಾಸರಿ 60 ಯುನಿಟ್ ಸುಡುವ ಮನೆಯನ್ನು ತೆಗೆದುಕೊಳ್ಳಿ. ಪುಕ್ಕಟೆ ಪಾಲು ಸುಮಾರು 70. ಇಂಡಕ್ಷನ್ನಿನ 85 ಸೇರಿದರೆ ಬಳಕೆ 145. ಮೀರಿದ 75 ಯುನಿಟ್‌ಗೆ 500 ರೂಪಾಯಿ ಆಸುಪಾಸು. ಉಳಿದ ಗ್ಯಾಸಿನ ಬೆಲೆ ತಿಂಗಳಿಗೆ 570. ಲಾಭ ಅಲ್ಪ, ಆದರೂ ಲಾಭವೇ. ಅದೇ ಮನೆ ಉಜ್ವಲಾ ಸಿಲಿಂಡರಿನದಾದರೆ? 2023ರ ಅಕ್ಟೋಬರ್‌ನಿಂದ ಅವರಿಗೆ 300 ರೂಪಾಯಿ ಸಬ್ಸಿಡಿ. ಆಗ ಗ್ಯಾಸೇ ಸೋವಿ.

ಇನ್ನು ಫ್ರಿಜ್ಜು, ಮಿಕ್ಸರು, ನೀರಿನ ಮೋಟರು ಇರುವ 130 ಯುನಿಟ್ಟಿನ ಮನೆ. ಈಗ ಬಿಲ್ಲು ಸೊನ್ನೆ. 85 ಸೇರಿಸಿದರೆ 215. ಗೆರೆ ದಾಟಿತು! ಸೊನ್ನೆ ಬರುತ್ತಿದ್ದಲ್ಲಿ 1,400ರ ಮೇಲೆ, ಜೊತೆಗೆ ನಿಗದಿತ ಶುಲ್ಕ ಬೇರೆ. ಪಕ್ಕದ ಮನೆಯವರು ತಂದರೆಂದು ತಂದವರು ಮೀಟರ್ ರೀಡರ್ ಜೊತೆ ಜಗಳಕ್ಕೆ ನಿಲ್ಲುವುದು ಇಂಥಲ್ಲಿ. ಪಾಪ, ಅವನದೇನು ತಪ್ಪು? ಇಂಥ ಮನೆಗೆ ಅರ್ಧ ಅಡುಗೆ ಒಳ್ಳೆಯದು. ಹಾಲು, ಚಹಾ, ಅನ್ನ, ಬೇಳೆ ಕರೆಂಟಿನ ಮೇಲೆ, ಉಳಿದದ್ದು ಗ್ಯಾಸಿನ ಮೇಲೆ. 40-50 ಯುನಿಟ್‌ನಲ್ಲಿ ಮುಗಿಯುತ್ತದೆ, ಗೆರೆಯೂ ದಾಟುವುದಿಲ್ಲ.

ಈ ಸೀಮೆಯ ಹೆಣ್ಣುಮಕ್ಕಳು ಹೇಗೂ ಅರ್ಧಕ್ಕೇ ಒಪ್ಪುವವರು. “ಚಾ ಗಡಾನ ಅಕ್ಕೇತಿ ಖರೆ, ರೊಟ್ಟಿ ಉಬ್ಬೂದ ಎಲ್ಲಿ?” ಎಂಬ ಪ್ರಶ್ನೆಗೆ ಯಾವ ಕಂಪನಿಯೂ ಸರಿಯಾದ ಉತ್ತರ ಕೊಟ್ಟಿಲ್ಲ. ಜೋಳದ ರೊಟ್ಟಿಗೆ ಕಡೆಗೊಮ್ಮೆ ಬೆಂಕಿಯ ನಾಲಗೆ ತಾಗಲೇಬೇಕು. ಇಂಡಕ್ಷನ್‌ಗೆ ತಳ ಸಪಾಟಾಗಿ, ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು. ಅಲ್ಯೂಮಿನಿಯಂ ಪಾತೇಲಿ, ಹಿತ್ತಾಳೆ, ಮಣ್ಣಿನ ಗಡಿಗೆ ನಡೆಯುವುದಿಲ್ಲ. ಒಲೆಯ ಜೊತೆ ಪಾತ್ರೆಯ ಖರ್ಚನ್ನೂ ಎಣಿಸಬೇಕು. ವೈರಿಂಗನ್ನಂತೂ ಮರೆಯಲೇಬಾರದು. 2,000 ವ್ಯಾಟಿನ ಒಲೆಯನ್ನು ಬಲ್ಬಿಗೆಂದು ಎಳೆದ ಹಳೆಯ ವೈರಿಗೆ ಸಿಕ್ಕಿಸಿದರೆ ಮೊದಲು ಬೇಯುವುದು ಪ್ಲಗ್ಗು. 16 ಆಂಪಿಯರ್ ಸಾಕೆಟ್ಟು, ದಪ್ಪ ತಂತಿ, ಸರಿಯಾದ ಅರ್ಥಿಂಗ್ ಇಷ್ಟಾದರೂ ಬೇಕು. ಮಂಜೂರಾದ ಲೋಡು ಎಷ್ಟಿದೆ ಎಂದು ಬಿಲ್ಲಿನಲ್ಲೇ ಇರುತ್ತದೆ, ಓದುವವರು ಕಡಿಮೆ.

ಇನ್ನು ಸೋಲಾರ್. 2024ರ ಫೆಬ್ರುವರಿಯಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮಾಳಿಗೆಯ ಮೇಲೆ 2 ಕಿಲೋವ್ಯಾಟ್‌ಗೆ 60 ಸಾವಿರ, 3 ಕಿಲೋವ್ಯಾಟ್‌ಗೆ 78 ಸಾವಿರ ರೂಪಾಯಿ ಸಹಾಯಧನ. 3 ಕಿಲೋವ್ಯಾಟ್‌ಗೆ 300 ಚದರ ಅಡಿ ನೆರಳಿಲ್ಲದ ಸ್ಲ್ಯಾಬು ಬೇಕು. ನಮ್ಮ ಬಿಸಿಲಿಗೆ ದಿನಕ್ಕೆ ಹನ್ನೆರಡು ಯುನಿಟ್ ಹುಟ್ಟುತ್ತದೆ. ಕೂಡು ಕುಟುಂಬ, ಮೊದಲೇ 200 ದಾಟುವ ಬಳಕೆ ಇದ್ದವರಿಗೆ ಇದು ಹೇಳಿ ಮಾಡಿಸಿದ್ದು. ಅಂಥವರು ಗ್ಯಾಸ್ ಬಿಟ್ಟರೂ ನಡೆದೀತು. ಆದರೆ ಸೊನ್ನೆ ಬಿಲ್ಲಿನ ಮನೆಯವನು ಸಾಲ ಮಾಡಿ ಪ್ಯಾನಲ್ ಏಕೆ ಹಾಕಿಯಾನು? ಒಂದು ಸರಕಾರ ಪುಕ್ಕಟೆ ಕರೆಂಟು ಕೊಡುತ್ತದೆ, ಇನ್ನೊಂದು ಸರಕಾರ ನೀನೇ ಕರೆಂಟು ಮಾಡಿಕೊ ಎನ್ನುತ್ತದೆ. ನಡುವೆ ನಿಂತ ಗಿರಾಕಿ ತಲೆ ಕೆರೆದುಕೊಳ್ಳುತ್ತಾನೆ. ಕಾಗಲದ ಬೀಗರ ಕಡೆ ಯುನಿಟ್ ಏರಿದಂತೆ ದರವೂ ಮೆಟ್ಟಿಲು ಏರುತ್ತದೆ. ಸೋಲಾರ್ ಹುಕಿ ಅಲ್ಲಿ ಜಾಸ್ತಿಯಾದರೆ ಆಶ್ಚರ್ಯವೇನು?

ಕಂಪನಿಯ ಏಜೆಂಟರು ಒತ್ತಿ ಹೇಳದ ಒಂದು ಸಂಗತಿಯುಂಟು. ಬ್ಯಾಟರಿ ಇಲ್ಲದ ಈ ಸೋಲಾರು ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಹಿಂದಿನಿಂದ ಶಾಕ್ ಹೊಡೆಯಬಾರದೆಂಬ ಕಾರಣಕ್ಕೆ ಮಾಡಿದ ಏರ್ಪಾಡು ಅದು. ನಡು ಮಧ್ಯಾಹ್ನದ ಸುಡುಬಿಸಿಲಿನಲ್ಲೂ ಮನೆಯೊಳಗೆ ಫ್ಯಾನ್ ತಿರುಗದಿದ್ದರೆ ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ.

ಅಂಗಡಿಕಾರರಿಗೆ ಈ ಎರಡು ಯೋಜನೆಯೂ ಇಲ್ಲ. ಗೃಹಜ್ಯೋತಿ ಮನೆಯ ಮೀಟರಿಗೆ, ಸೂರ್ಯಘರ್ ಸಹಾಯಧನವೂ ಮನೆಯ ಮಾಳಿಗೆಗೆ. ಹೆದ್ದಾರಿ ಬದಿಯ ಚಹಾದಂಗಡಿಯವರು ವಾಣಿಜ್ಯ ದರದ ಮೀಟರು ಮತ್ತು 19 ಕಿಲೋ ಸಿಲಿಂಡರು ಎರಡನ್ನೂ ಎದುರಿಗಿಟ್ಟು ಬೇರೆಯೇ ಲೆಕ್ಕ ಮಾಡಬೇಕು.

ಎಲ್ಲಕ್ಕಿಂತ ಬಿಗಿಯಾದ ಕಷ್ಟ ತೋಟದ ಮನೆಗಳದು. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿಯ ಬೇರೆ ಫೀಡರ್ ಆಯಿತು. ಹೊಲದಲ್ಲಿ ಮನೆ ಕಟ್ಟಿಕೊಂಡವರು ಹಲವೆಡೆ ಪಂಪ್‌ಸೆಟ್ ಲೈನಿನಲ್ಲೇ ಉಳಿದರು. ತ್ರೀ ಫೇಸ್ ದಿನಕ್ಕೆ ಕೆಲವು ತಾಸು, ರಾತ್ರಿ ಮಿಣುಕು ಸಿಂಗಲ್ ಫೇಸ್. ಆ ವೋಲ್ಟೇಜಿಗೆ ಇಂಡಕ್ಷನ್ ಒಲೆ ಕುಂಯ್ ಅಂದು ಸುಮ್ಮನಾಗುತ್ತದೆ. ಅಲ್ಲಿ ಇನ್ನೂ ಕುಳ್ಳು, ಕಟ್ಟಿಗೆ, ಕಣ್ಣಲ್ಲಿ ನೀರು.

ಅಂಥವರಿಗೆ ಹಳೆಯ ಗೋಬರ್ ಗ್ಯಾಸೇ ಹೊಸ ದಾರಿ. ಕುಣಿಗಲ್ ತಾಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡದವರು 1987ರಲ್ಲೇ ಸಗಣಿ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ನಲ್ಲಿಗೆ ನೀರು ಕೊಟ್ಟಿದ್ದರು. ಇಲ್ಲಿ ಅಷ್ಟು ದೊಡ್ಡದೇನೂ ಬೇಡ. ನಾಲ್ಕೈದು ದನ, ದಿನಕ್ಕೆ 50 ಕಿಲೋ ಸಗಣಿ, 2 ಘನ ಮೀಟರಿನ ಗುಂಡಿ ಇದ್ದರೆ ಐದಾರು ಜನರ ಅಡುಗೆ ಆಗುತ್ತದೆ. ನೀಲಿ ಉರಿ ಇರುವುದರಿಂದ ರೊಟ್ಟಿಯೂ ಉಬ್ಬುತ್ತದೆ. ಹೊರಬಿದ್ದ ರಾಡಿ ಕಬ್ಬಿಗೆ ಗೊಬ್ಬರ. ದನ ಮಾರಿಕೊಂಡವರಿಗೆ ಈ ದಾರಿಯೂ ಇಲ್ಲ. ಅವರ ಮನೆಗೆ ಊರಿನ ಫೀಡರ್ ತಂತಿ ಮುಟ್ಟಬೇಕು, ಅದನ್ನು ಮುಟ್ಟಿಸುವ ಕೆಲಸ ಹೆಸ್ಕಾಂನದೇ.