ದಣಿವಿನ ಆಚೆಗೆ ಇನ್ನೊಂದು ಸುತ್ತು

ಮೈದಾನವನ್ನು ಹತ್ತು ಸುತ್ತು ಓಡಬೇಕೆಂದು ಹೊರಟ ವಿದ್ಯಾರ್ಥಿಗೆ ಏಳನೆಯ ಸುತ್ತಿನಲ್ಲಿ ಏನಾಗುತ್ತದೆ ಎಂಬುದು ಓಡಿದವರಿಗೆಲ್ಲ ಗೊತ್ತು. ಏದುಸಿರು ಬರುತ್ತದೆ, ತೊಡೆಗಳು ಭಾರವಾಗುತ್ತವೆ, ಬಾಯಿ ಒಣಗುತ್ತದೆ. "ಇನ್ನು ನನ್ನಿಂದಾಗದು, ಸಾಕು" ಎಂದು ಮನಸ್ಸು ಹೇಳತೊಡಗುತ್ತದೆ. ಆದರೂ ಹೇಗೋ ಮುಂದುವರಿದ ಅದೇ ವಿದ್ಯಾರ್ಥಿ, ಹತ್ತನೆಯ ಸುತ್ತಿನಲ್ಲಿ ಕೊನೆಯ ಗೆರೆ ಕಣ್ಣಿಗೆ ಬಿದ್ದೊಡನೆ ಮೊದಲಿಗಿಂತ ಜೋರಾಗಿ ಓಡುವುದುಂಟು. ಶಕ್ತಿ ನಿಜವಾಗಿಯೂ ಮುಗಿದಿದ್ದರೆ ಈ ವೇಗ ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕಿದರೆ, ಕಷ್ಟದ ಓಟ ಮುಗಿದ ಮೇಲೆ ದೊರೆಯುವ ತೃಪ್ತಿಯ ಗುಟ್ಟೂ ತಿಳಿಯುತ್ತದೆ.

ದೇಹದಲ್ಲಿ ನಡೆಯುವುದೇನು?

ವಿಶ್ರಾಂತಿಯಲ್ಲಿರುವಾಗ ನಮ್ಮ ಹೃದಯ ನಿಮಿಷಕ್ಕೆ ಸುಮಾರು 70 ಬಾರಿ ಬಡಿದು, ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಕಠಿಣವಾದ ಓಟದಲ್ಲಿ ಹದಿಹರೆಯದವರ ಹೃದಯ ಬಡಿತ ನಿಮಿಷಕ್ಕೆ 200ರ ಸಮೀಪಕ್ಕೆ ಏರಬಹುದು. ರಕ್ತದ ಪ್ರಮಾಣ 20 ಲೀಟರ್ ತಲುಪಬಹುದು. ಇಷ್ಟಾದರೂ ವೇಗ ಹೆಚ್ಚಿದಂತೆ ಸ್ನಾಯುಗಳಿಗೆ ಆಮ್ಲಜನಕದ ಪೂರೈಕೆ ಸಾಲದೆ ಹೋಗುತ್ತದೆ. ಆಗ ಅವು ತಮ್ಮಲ್ಲಿರುವ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನನ್ನು ಆಮ್ಲಜನಕದ ನೆರವಿಲ್ಲದೆಯೇ ಒಡೆದು ಶಕ್ತಿ ಪಡೆಯುತ್ತವೆ. ಈ ಕ್ರಿಯೆಯಲ್ಲಿ ಲ್ಯಾಕ್ಟೇಟ್ ಉತ್ಪತ್ತಿಯಾಗುತ್ತದೆ.

ಹಳೆಯ ಪುಸ್ತಕಗಳು ಲ್ಯಾಕ್ಟಿಕ್ ಆಮ್ಲವನ್ನು ದಣಿವಿನ ವಿಷವೆಂದೇ ಬಣ್ಣಿಸುತ್ತಿದ್ದವು. ಇಂದಿನ ತಿಳಿವಳಿಕೆ ಬೇರೆ. ಲ್ಯಾಕ್ಟೇಟ್ ಕೂಡ ಒಂದು ಇಂಧನವೇ; ಹೃದಯವೇ ಅದನ್ನು ಬಳಸಿಕೊಳ್ಳುತ್ತದೆ. ಓಡಿದ ಮರುದಿನ ಮೀನಖಂಡ ಹಿಡಿದುಕೊಳ್ಳುವುದಕ್ಕೂ ಅದು ಕಾರಣವಲ್ಲ. ಸ್ನಾಯುವಿನ ಎಳೆಗಳಲ್ಲಿ ಆಗುವ ಅತಿಸೂಕ್ಷ್ಮ ಗಾಯಗಳು ಆ ನೋವಿಗೆ ಕಾರಣ. ಅವು ಮಾಯುವಾಗ ಸ್ನಾಯು ಹಿಂದಿಗಿಂತ ಗಟ್ಟಿಯಾಗುತ್ತದೆ.

'ಸಾಕು' ಎನ್ನುವವರು ಯಾರು?

ಬ್ರಿಟನ್ನಿನ ಶರೀರವಿಜ್ಞಾನಿ ಎ.ವಿ. ಹಿಲ್ 1922ರ ನೊಬೆಲ್ ಪಾರಿತೋಷಕ ಪಡೆದವರು. ಹೃದಯಕ್ಕೆ ಅಪಾಯವಾಗುವ ಮೊದಲೇ ಓಟವನ್ನು ತಗ್ಗಿಸುವ ಒಂದು ನಿಯಂತ್ರಕ ದೇಹದಲ್ಲಿರಬೇಕೆಂದು ಅವರು 1920ರ ದಶಕದಲ್ಲೇ ಊಹಿಸಿದ್ದರು. ದಕ್ಷಿಣ ಆಫ್ರಿಕಾದ ಟಿಮ್ ನೋಕ್ಸ್ 1990ರ ದಶಕದಲ್ಲಿ ಆ ವಿಚಾರವನ್ನು ಬೆಳೆಸಿ, ಮೆದುಳೇ ಆ ನಿಯಂತ್ರಕ ಎಂದು ವಾದಿಸಿದರು. ಈ ವಾದವನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ಸ್ನಾಯುಗಳೂ ನಿಜವಾಗಿ ದಣಿಯುತ್ತವೆ. ಆದರೆ ದಣಿವಿನ ಅನುಭವದಲ್ಲಿ ಮೆದುಳಿನ ಪಾತ್ರ ದೊಡ್ಡದು ಎಂಬುದರಲ್ಲಿ ಸಂದೇಹವಿಲ್ಲ.

ಹಳೆಯ ಸ್ಕೂಟರುಗಳನ್ನು ನೆನಪಿಸಿಕೊಳ್ಳಿ. ಪೆಟ್ರೋಲ್ ಮುಗಿದಂತೆ ಗಾಡಿ ಕೆಮ್ಮಿ ನಿಲ್ಲುತ್ತಿತ್ತು. ಪೆಟ್ರೋಲ್ ನಲ್ಲಿಯನ್ನು 'ರಿಸರ್ವ್'ಗೆ ತಿರುಗಿಸಿದರೆ ಮತ್ತೆ ಕೆಲವು ಮೈಲಿ ಓಡುತ್ತಿತ್ತು. ನಮ್ಮ ದೇಹವೂ ಸ್ವಲ್ಪ ಶಕ್ತಿಯನ್ನು ಹೀಗೆ ಕಾಯ್ದಿಟ್ಟುಕೊಂಡೇ 'ಸಾಕು' ಎನ್ನುತ್ತದೆ. ಅಂದರೆ ಆ ಮಾತು ಎಚ್ಚರಿಕೆಯೇ ಹೊರತು ಅಂತಿಮ ತೀರ್ಪಲ್ಲ.

ಜಾಟೊಪೆಕ್ ತೋರಿಸಿದ ದಾರಿ

ಇದಕ್ಕೆ ಜೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ ಅವರಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಅವರು ಜ್ಲೀನ್ ಪಟ್ಟಣದ ಪಾದರಕ್ಷೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹುಡುಗ. 1941ರಲ್ಲಿ ಒಂದು ಓಟಕ್ಕೆ ಇಷ್ಟವಿಲ್ಲದಿದ್ದರೂ ಸೇರಬೇಕಾಯಿತು, ಎರಡನೆಯವರಾಗಿ ಬಂದರು. ಮುಂದೆ ಅವರು ಹಿಡಿದ ಅಭ್ಯಾಸ ಸರಳ, ಆದರೆ ಕಠೋರ: 400 ಮೀಟರ್ ಬಿರುಸಾಗಿ ಓಡುವುದು, ಸ್ವಲ್ಪ ದೂರ ನಿಧಾನವಾಗಿ ಓಡಿ ಉಸಿರು ಸುಧಾರಿಸಿಕೊಳ್ಳುವುದು, ಮತ್ತೆ ಬಿರುಸು. ಹೀಗೆ ಒಂದೇ ದಿನ ಇಪ್ಪತ್ತು ಬಾರಿ, ಕೆಲವೊಮ್ಮೆ ಇನ್ನೂ ಹೆಚ್ಚು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಎಂಟು ದಿನಗಳೊಳಗೆ ಅವರು 10,000 ಮೀಟರ್, 5,000 ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದರು. 5,000 ಮೀಟರ್ ಓಟದ ಕೊನೆಯ ಸುತ್ತಿನಲ್ಲಿ ಮೂವರು ಅವರನ್ನು ಹಿಂದೆ ಹಾಕಿದ್ದರು. ಕೊನೆಯ ತಿರುವಿನಲ್ಲಿ ಜಾಟೊಪೆಕ್ ಹೊರಬದಿಯಿಂದ ನುಗ್ಗಿ ಆ ಮೂವರನ್ನೂ ದಾಟಿದರು. ಮ್ಯಾರಥಾನ್ ಅಂತೂ ಅವರ ಜೀವನದ ಮೊದಲನೆಯದು. ಅದನ್ನು 2 ಗಂಟೆ 23 ನಿಮಿಷ 3 ಸೆಕೆಂಡುಗಳಲ್ಲಿ ಮುಗಿಸಿದರು. ಓಡುವಾಗ ಅವರ ಮುಖ ಸಂಕಟದಿಂದ ಹಿಂಡಿದಂತಿರುತ್ತಿತ್ತು. ಸಂಕಟ ಅವರಿಗೂ ಇತ್ತು. ಆದರೆ ಅಭ್ಯಾಸದಲ್ಲಿ ದಿನವೂ ಕಂಡಿದ್ದರಿಂದ ಅದು ಅವರಿಗೆ ಅಪರಿಚಿತವಾಗಿರಲಿಲ್ಲ.

ತೃಪ್ತಿ ಎಲ್ಲಿಂದ?

ಓಟದ ನಂತರದ ಹಿತಾನುಭವಕ್ಕೆ ಎಂಡಾರ್ಫಿನ್ ಕಾರಣವೆಂದು ಬಹುಕಾಲ ಹೇಳಲಾಗುತ್ತಿತ್ತು. ಈಚಿನ ಸಂಶೋಧಕರು ದೇಹದಲ್ಲೇ ಹುಟ್ಟುವ ಎಂಡೊಕ್ಯಾನಬಿನಾಯ್ಡ್ ಎಂಬ ರಾಸಾಯನಿಕಗಳ ಕಡೆಗೂ ಬೆರಳು ತೋರುತ್ತಾರೆ. ಆದರೆ ಆ ಹಿತ ಸ್ವಲ್ಪ ಹೊತ್ತಿನದು. ಬಹುದಿನ ಉಳಿಯುವ ತೃಪ್ತಿ ಬೇರೆಯದೇ: 'ಆಗದು' ಎಂದುಕೊಂಡದ್ದು ಬರಿಯ ಊಹೆಯಾಗಿತ್ತು ಎಂದು ತಾನೇ ಕಂಡುಕೊಳ್ಳುವುದು. ಇದನ್ನು ಬೇರೆ ಯಾರೂ ನಮಗೆ ಕೊಡಲಾರರು. ಪದಕವೂ ಬೇಕಿಲ್ಲ. ಕಳೆದ ವಾರ ಆರು ಸುತ್ತಿಗೆ ನಿಂತವಳು ಈ ವಾರ ಏಳು ಓಡಿ ಕೊನೆಯವಳಾಗಿ ಬಂದರೂ ಆ ಸಂತೋಷ ಅವಳದೇ.

ಯಾವಾಗ ನಿಲ್ಲಬೇಕು?

ಎಲ್ಲ ಎಚ್ಚರಿಕೆಗಳನ್ನೂ ಮೀರುವುದು ಧೈರ್ಯವಲ್ಲ. ಏದುಸಿರು, ಕಾಲುಗಳ ಭಾರ, ಬೇಸರ ಇವು ಸಹಜ. ಎದೆನೋವು, ತಲೆಸುತ್ತು, ಕಣ್ಣು ಮಂಜಾಗುವುದು, ಬಿಸಿಲಿನಲ್ಲಿ ಮೈ ನಡುಗುವುದು, ಮಾತು ತೊದಲುವುದು, ಕೀಲಿನಲ್ಲಿ ಚುಚ್ಚುವ ನೋವು ಇವು ಹಾಗಲ್ಲ. ಇವುಗಳಲ್ಲಿ ಒಂದು ಕಂಡರೂ ಕೂಡಲೇ ನಿಲ್ಲಬೇಕು, ಹತ್ತಿರದವರಿಗೆ ತಿಳಿಸಬೇಕು. ಜ್ವರವಿದ್ದಾಗ ಕಠಿಣ ಓಟ ಬೇಡವೇ ಬೇಡ. ಉಬ್ಬಸ, ಹೃದಯದ ತೊಂದರೆ ಇದ್ದವರು ಮೊದಲು ವೈದ್ಯರ ಸಲಹೆ ಪಡೆಯಬೇಕು. ನಮ್ಮಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ರಕ್ತಹೀನತೆ ಬಹಳ. ಸ್ವಲ್ಪ ಓಡಿದರೇ ದಮ್ಮು ಕಟ್ಟುವುದಾದರೆ ಅದನ್ನು ಸೋಮಾರಿತನವೆಂದು ಹಳಿಯುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ನೀವೂ ಮಾಡಿ ನೋಡಿ

ವಾರದ ಹೆಚ್ಚಿನ ದಿನ, ಗೆಳೆಯರೊಡನೆ ಮಾತನಾಡಲು ಸಾಧ್ಯವಾಗುವಷ್ಟು ನಿಧಾನವಾಗಿ ಓಡಿ. ವಾರಕ್ಕೆ ಒಂದು ದಿನ ಮಾತ್ರ, ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, ಒಂದು ನಿಮಿಷ ಬಿರುಸಿನ ಓಟ, ಎರಡು ನಿಮಿಷ ನಡಿಗೆ ಹೀಗೆ ಆರು ಬಾರಿ ಮಾಡಿ. ಮರುದಿನ ವಿಶ್ರಾಂತಿ ತೆಗೆದುಕೊಳ್ಳಿ. ಬೆಳಗಿನ ತಂಪು ಹೊತ್ತು ಉತ್ತಮ. ನೀರು ಕುಡಿಯಲು ಮರೆಯಬೇಡಿ. ಮಾಡಿದ್ದನ್ನು ನೋಟ್ ಪುಸ್ತಕದಲ್ಲಿ ಬರೆದಿಡಿ. ಎರಡು ತಿಂಗಳ ನಂತರ ಮೊದಲ ಪುಟ ತೆರೆದರೆ, ಅಂದು ನಿಮ್ಮ ಎಲ್ಲೆಯೆಂದು ತೋರಿದ್ದನ್ನು ನೀವು ಎಷ್ಟು ಹಿಂದೆ ಬಿಟ್ಟು ಬಂದಿದ್ದೀರಿ ಎಂಬುದು ನಿಮ್ಮದೇ ಅಕ್ಷರದಲ್ಲಿ ಕಾಣಸಿಗುತ್ತದೆ.