ರೈಲು ಎಂಜಿನ್ ಕಂಪನಿ ಕಟ್ಟಿದ ತೆರೆದ ಕಾರು

ಧಾರವಾಡದಿಂದ ಅಳ್ನಾವರ, ರಾಮನಗರ ದಾಟಿ ಅನಮೋಡ ಘಾಟ್ ಇಳಿದರೆ ಗೋವಾ. ಹುಬ್ಬಳ್ಳಿ-ಧಾರವಾಡದವರು ಸಮುದ್ರ ನೋಡಲು ಹಿಡಿಯುವ ಈ ದಾರಿಯ ಆಚೆ ತುದಿಯಲ್ಲಿ, 1990ರ ದಶಕದ ಕೊನೆಗೆ, ನಮ್ಮ ದೇಶದ್ದೇ ಆದ ಒಂದು ತೆರೆದ ಸ್ಪೋರ್ಟ್ಸ್ ಕಾರು ತಯಾರಾಯಿತು. ಅದೇ ಸ್ಯಾನ್ ಸ್ಟಾರ್ಮ್. ಎರಡೇ ಸೀಟು, ತಗ್ಗು ಮೈ, ಮಡಚಿ ಹಿಂದಕ್ಕೆ ಸರಿಸುವ ಬಟ್ಟೆಯ ಟಾಪು.

ಅದನ್ನು ಹೊರತಂದದ್ದು ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿಯ ಬಳಗ. ಯಾರ್ಡುಗಳಲ್ಲಿ ವ್ಯಾಗನ್ ಎಳೆಯುವ ಡೀಸೆಲ್ ಶಂಟಿಂಗ್ ಎಂಜಿನ್‌ಗಳನ್ನು ಮಾಡುತ್ತಿದ್ದವರು ಇಂಥದ್ದೊಂದು ಹಗುರ ಕಾರಿಗೆ ಮನಸ್ಸು ಕೊಟ್ಟರಲ್ಲ ಎಂಬುದೇ ರೈಲ್ವೆ ಊರಿನವರಾದ ನಮಗೆ ಹೆಮ್ಮೆಯ ಸಂಗತಿ. ಬಾನೆಟ್ಟಿನಡಿ ಇದ್ದದ್ದು ಫ್ರಾನ್ಸಿನ ರೆನೋ ಕಂಪನಿಯ 1149 ಸಿಸಿ ಪೆಟ್ರೋಲ್ ಎಂಜಿನ್. ಶಕ್ತಿ ಸುಮಾರು 60 ಎಚ್‌ಪಿ. ಮೈ ಹಗುರವಾದ್ದರಿಂದ ಅಷ್ಟೇ ಸಾಕಿತ್ತು.

ಆ ಮೈ ಪೂರ್ತಿ ಫೈಬರ್‌ಗ್ಲಾಸಿನದು. ಉಕ್ಕಿನ ಬಾಡಿಗೆ ದೊಡ್ಡ ಪ್ರೆಸ್ಸು, ದುಬಾರಿ ಡೈ ಬೇಕು. ಸಾವಿರಗಟ್ಟಲೆ ಕಾರು ಮಾರಿದರಷ್ಟೇ ಆ ಖರ್ಚು ಗಿಟ್ಟೀತು. ಫೈಬರ್‌ಗಾದರೆ ಒಂದು ಅಚ್ಚು, ಪಳಗಿದ ಕೈ ಇದ್ದರಾಯಿತು. ಗಣಪತಿ ಮೂರ್ತಿಯ ಅಚ್ಚಿನಂತೆ ಇಲ್ಲೂ ಕೆಲಸ ಒಳಗಿನಿಂದಲೇ. ಮೊದಲು ಅಚ್ಚಿನ ಒಳಮೈಗೆ ಮೇಣ ತಿಕ್ಕಿ ಹೊಳಪು ಬರಿಸಬೇಕು. ಅದರ ಮೇಲೆ ಜೆಲ್‌ಕೋಟ್ ಬಳಿಯುತ್ತಾರೆ. ಅಚ್ಚು ಬಿಡಿಸಿದಾಗ ಹೊರಗೆ ಕಾಣುವ ನುಣುಪು ಇದರದೇ. ಅದು ಅಂಟಂಟಾಗಿರುವಾಗಲೇ ಗಾಜಿನ ಎಳೆಗಳ ಮ್ಯಾಟ್ ಹಾಸಿ, ಗಟ್ಟಿಯಾಗಿಸುವ ರಾಸಾಯನಿಕ ಬೆರೆಸಿದ ರೆಸಿನ್ ಹಚ್ಚಿ, ಗೀರುಗಳಿರುವ ಪುಟ್ಟ ರೋಲರ್ ಉರುಳಿಸಬೇಕು. ಇಲ್ಲೇ ಕಸುಬುದಾರನ ಪರೀಕ್ಷೆ. ಗಾಳಿಗುಳ್ಳೆ ಒಂದು ಉಳಿದರೂ ಮುಂದೆ ಬಿಸಿಲಿಗೆ ಅಲ್ಲೇ ಬೊಬ್ಬೆ ಏಳುತ್ತದೆ. ಬೇಸಿಗೆಯಲ್ಲಿ ರೆಸಿನ್ ಬೇಗ ಬಿಗಿಯುವುದರಿಂದ ಕೈಯೂ ಚುರುಕಾಗಿರಬೇಕು. ಪದರದ ಮೇಲೆ ಪದರ ಒಣಗಿದ ಮೇಲೆ ಅಚ್ಚು ಬಿಡಿಸಿ, ಅಂಚು ಕತ್ತರಿಸಿ ಉಜ್ಜುತ್ತಾರೆ. ಆಗ ಏಳುವ ಗಾಜಿನ ಧೂಳು ಮೈಗೆ ತಾಕಿದರೆ ತುರಿಕೆ.

ಅಮೆರಿಕದ ಕಾರ್ವೆಟ್ 1953ರಲ್ಲಿ ಹೊರಬಂದದ್ದೂ ಫೈಬರ್ ಮೈಯಲ್ಲೇ. ಮೊದಲ ವರ್ಷ 300 ಕಾರು, ಎಲ್ಲವೂ ಬಿಳಿ, ಎಲ್ಲವೂ ತೆರೆದ ಟಾಪಿನವು. ಇಂಗ್ಲೆಂಡಿನ ಲೋಟಸ್ 1962ರಲ್ಲಿ ಇದೇ ಹಾದಿಯಲ್ಲಿ ಎಲಾನ್ ಮಾಡಿತು. ನಮ್ಮ ಬೆಂಗಳೂರೂ ಈ ವಿದ್ಯೆಗೆ ಹೊಸದಾಗಿರಲಿಲ್ಲ: 1970ರ ದಶಕದಲ್ಲಿ ಮೂರು ಚಕ್ರದ ಬಾದಲ್, 1980ರ ದಶಕದಲ್ಲಿ ಸಿಪಾನಿಯವರ ಡಾಲ್ಫಿನ್, ಎರಡೂ ಫೈಬರ್‌ನವೇ. ಹಗುರ ಮೈಯ ಡಾಲ್ಫಿನ್ ಮೋಟಾರ್ ಸ್ಪರ್ಧೆಗಳಲ್ಲಿ ಹೆಸರು ಮಾಡಿತ್ತು. 2001ರಲ್ಲಿ ಬಂದ ರೇವಾ ಎಲೆಕ್ಟ್ರಿಕ್ ಕಾರಿನ ಹೊರಮೈಯೂ ಪ್ಲಾಸ್ಟಿಕ್ಕೇ.

ಸ್ಟಾರ್ಮ್ ಬಂದ ಕಾಲ ಮಾತ್ರ ಕಠಿಣವಾಗಿತ್ತು. ಮಾರುತಿ 800 ಮನೆಮನೆಯ ಮಾತಾಗಿತ್ತು. 1998ರಲ್ಲಿ ಸ್ಯಾಂಟ್ರೊ, ಇಂಡಿಕಾ ಬಂದವು. ಕಾರು ಎಂದರೆ ಅಪ್ಪ, ಅವ್ವ, ಮಕ್ಕಳು, ಜತೆಗೆ ಊರಿಂದ ಬಂದ ಅಜ್ಜಿ, ಎಲ್ಲರೂ ಕೂರಬೇಕು ಎನ್ನುವ ನಾಡಿನಲ್ಲಿ ಎರಡು ಸೀಟಿನ ಕಾರಿಗೆ ಗಿರಾಕಿ ಎಷ್ಟು ಮಂದಿ? ಮಲೆನಾಡಿನ ಮಳೆ, ಬಯಲುಸೀಮೆಯ ಧೂಳು ಬಟ್ಟೆಯ ಟಾಪಿಗೆ ಒಗ್ಗುವಂಥವೂ ಅಲ್ಲ. ರಸ್ತೆಗಿಳಿದವು ಕೆಲವೇ, ಈಗ ಕಣ್ಣಿಗೆ ಬೀಳುವುದು ಅಪರೂಪ.

2020ರಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ಮ್ಯೂಸಿಯಂ ಆಯಿತು. ಹಳೆಯ ಎಂಜಿನ್‌ಗಳ ಪಕ್ಕದಲ್ಲಿ, ಎಂಜಿನ್ ಕಂಪನಿಯೇ ಕಟ್ಟಿಸಿದ ಈ ಕಾರಿಗೂ ಒಂದಿಷ್ಟು ಜಾಗ ಸಿಗಬೇಕು. ಬಿವಿಬಿ ಕಾಲೇಜಿನಂಥ ಎಂಜಿನಿಯರಿಂಗ್ ಪರಂಪರೆ ಇರುವ ಊರಿನ ಮಕ್ಕಳು ಅದರ ಬಾನೆಟ್ ಎತ್ತಿ ನೋಡಬೇಕು. ಫೈಬರ್‌ಗೆ ತುಕ್ಕು ಹಿಡಿಯುವುದಿಲ್ಲ ನಿಜ. ಆದರೆ ಟಾಪು ಹರಿಯುತ್ತದೆ, ರಬ್ಬರು ಬಿರಿಯುತ್ತದೆ, ಅದರ ಬಿಡಿಭಾಗ ಬಲ್ಲ ಮಿಸ್ತ್ರಿಗೂ ವಯಸ್ಸಾಗುತ್ತದೆ. ದೊಡ್ಡ ಬಂಡವಾಳವಿಲ್ಲದೆ, ಕೈಯಿಂದಲೇ ಒಂದು ಸುಂದರ ಕಾರು ಕಟ್ಟಬಹುದು ಎಂದು ನಮ್ಮವರು ತೋರಿಸಿದ್ದರು. ಅದನ್ನು ನೆನೆಯಲು ಒಂದು ಕಾರನ್ನಾದರೂ ಉಳಿಸಿಕೊಳ್ಳದೆ ಹೋದರೆ ಆ ನಷ್ಟ ನಮ್ಮದೇ.